ಮನೆಯ ಬಾತುಕೋಳಿಗೆ ಜಾಡ್ಯ ಬಂದಾಗ



ಕೆರೆಯ ಕೆಳಗಿನ ಊರುಗಳಲ್ಲಿ, ಕಾಲುವೆ ಹರಿಯುವ ಕಡೆ, ಹಿತ್ತಿಲಲ್ಲಿ ನಾಲ್ಕಾರು ಬಾತುಕೋಳಿ ಸಾಕುವ ಮನೆಗಳುಂಟು. ಮಕ್ಕಳಿಗಂತೂ ಅವುಗಳ ಮೇಲೆ ಪ್ರಾಣ. "ಬಾತಿಗೆ ಕೋಳಿಯಷ್ಟು ಕಾಯಿಲೆ ಇಲ್ಲ, ಬಿಟ್ಟರೆ ತಾನೇ ಬದುಕುತ್ತೆ" ಅನ್ನೋ ಮಾತೂ ಇದೆ. ಇದು ಅರ್ಧ ನಿಜ. ಕೋಳಿಯನ್ನು ಕಾಡುವ ಎಷ್ಟೋ ರೋಗ ಬಾತನ್ನು ಅಷ್ಟಾಗಿ ಕಾಡುವುದಿಲ್ಲ. ಆದರೆ ದೊಡ್ಡ ಜಾಡ್ಯ ಹೊಕ್ಕರೆ ಕೆಲವೇ ದಿನಗಳಲ್ಲಿ ಗೂಡು ಬರಿದಾಗುತ್ತದೆ. ಆದ್ದರಿಂದ ಮೊದಲೇ ಗುರುತು ಹಿಡಿಯುವುದು ಮುಖ್ಯ.

ಗುರುತು ಹಿಡಿಯೋದು ಹೇಗೆ? ಬಾತು ಗುಂಪಿನ ಜೀವಿ. ಮೈಯಲ್ಲಿ ಸರಿಯಿಲ್ಲದಿದ್ದರೂ ಆದಷ್ಟು ಹೊತ್ತು ತೋರಗೊಡದೆ ಗುಂಪಿನ ಜೊತೆಗೇ ಇರುತ್ತದೆ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆಯುವಾಗ ಒಂದು ಗಳಿಗೆ ನಿಂತು ನೋಡಿ. ಕೊನೆಗೆ ಬರುವುದು ಯಾವುದು? ಪುಕ್ಕ ಕೆದರಿಕೊಂಡು ಕುಳಿತದ್ದು ಯಾವುದು? ಮೇವು ಕಂಡರೂ ಓಡಿ ಬಾರದ್ದು, ನೀರಿಗಿಳಿದರೆ ಪುಕ್ಕ ನೆನೆದು ತೊಯ್ಯುವುದು, ಕುಂಟುವುದು, ಹಸಿರಾಗಿ ನೀರಾಗಿ ಬೇಧಿ ಮಾಡುವುದು, ಇವೆಲ್ಲ ಕಾಯಿಲೆಯ ಲಕ್ಷಣ. ಆರೋಗ್ಯವಾಗಿರುವ ಬಾತು ಸಾಮಾನ್ಯವಾಗಿ ಬೆಳಿಗ್ಗೆ 9 ಗಂಟೆಯೊಳಗೆ ಮೊಟ್ಟೆಯಿಟ್ಟು ಮುಗಿಸುತ್ತದೆ. ಮೊಟ್ಟೆ ಥಟ್ಟನೆ ಕಡಿಮೆಯಾದರೂ ಎಚ್ಚರ ವಹಿಸಿ.

ಅನುಮಾನ ಬಂದ ಕೂಡಲೇ ಆ ಬಾತನ್ನು ಬೇರೆ ಮಾಡಿ. ಕಾಲು ಹಿಡಿದು ಎತ್ತಬೇಡಿ. ಬಾತಿನ ಕಾಲು ಬಲು ನಾಜೂಕು. ರೆಕ್ಕೆ ಸಮೇತ ಮೈಯನ್ನು ಎರಡು ಕೈಯಿಂದ ತಬ್ಬಿ ಹಿಡಿಯಿರಿ. ಗಾಳಿ ಬಡಿಯದ ಜಾಗದಲ್ಲಿ ಒಣ ಹುಲ್ಲು ಹಾಸಿ ಬಿಡಿ. ಮೊದಲು ಚೆನ್ನಾಗಿರುವ ಬಾತುಗಳ ಕೆಲಸ ಮುಗಿಸಿ, ಆಮೇಲೆ ಕಾಯಿಲೆಯದನ್ನು ನೋಡಿ ಕೈಕಾಲು ಸೋಪು ಹಾಕಿ ತೊಳೆಯಿರಿ.

ಈಗ ಮನೆಯಲ್ಲೇ ನೋಡಿಕೊಳ್ಳಬಹುದಾದ ತೊಂದರೆಗಳು. ಕಣ್ಣಿನ ಸುತ್ತ ಪಿಸುರು ಕಟ್ಟಿದರೆ ನೀರಿನ ಪಾತ್ರೆ ನೋಡಿ. ಬಾತು ತಲೆ ಪೂರಾ ಮುಳುಗಿಸಿ ಕಣ್ಣು, ಮೂಗಿನ ಹೊಳ್ಳೆ ತೊಳೆದುಕೊಳ್ಳಬೇಕು. ತಟ್ಟೆಯ ನೀರು ಅದಕ್ಕೆ ಸಾಲದು. ತಲೆ ಮುಳುಗುವಷ್ಟು ಆಳದ ಪಾತ್ರೆ ಇಡಿ, ಕಣ್ಣನ್ನು ಕಾಯಿಸಿ ಆರಿಸಿದ ನೀರಿನಿಂದ ಒರೆಸಿ. ಅಂಗಾಲು ಊದಿ ನಡುವೆ ಕಪ್ಪು ಹೆಕ್ಕಳೆ ಕಂಡರೆ, ಅದು ಕಲ್ಲುಮುಳ್ಳು ಚುಚ್ಚಿ ಕೀವಾದದ್ದು. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಕಾಲು ನೆನೆಸಿ, ಒರೆಸಿ, ಅಯೋಡಿನ್ ಹಚ್ಚಿ, ಮೆತ್ತನೆಯ ಹಾಸಿನ ಮೇಲೆ ಬಿಡಿ. ಊತ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ, ನೀವೇ ಕೊಯ್ಯಬೇಡಿ. ಮರಿಗಳ ಕಾಲು ಬಿಲ್ಲಿನಂತೆ ಬಾಗಿದರೆ ನಯಾಸಿನ್ ಎಂಬ ಜೀವಸತ್ವದ ಕೊರತೆ ಇರಬಹುದು. ಕೋಳಿಮರಿಗಿಂತ ಬಾತುಮರಿಗೆ ಇದು ಹೆಚ್ಚು ಬೇಕು. ಮೇವಿಗೆ ಈಸ್ಟ್ ಪುಡಿ ಬೆರೆಸಿದರೆ ಬೇಗ ಹಿಡಿದ ಕಾಲು ಸುಧಾರಿಸುತ್ತದೆ.

ಬೂಷ್ಟು ಹಿಡಿದ ಹಿಂಡಿಯ ವಿಚಾರ ಸ್ವಲ್ಪ ಗಮನವಿಟ್ಟು ಕೇಳಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮೀರಿ ಟರ್ಕಿ ಕೋಳಿಗಳೂ ಅವುಗಳ ಜೊತೆ ಬಾತುಮರಿಗಳೂ ಸತ್ತವು. ಹುಡುಕಿದಾಗ ಸಿಕ್ಕ ಕಾರಣ, ಬೂಷ್ಟು ಬೆಳೆದ ಕಡಲೆಕಾಯಿ ಹಿಂಡಿ. ಆ ಬೂಷ್ಟಿನ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. ಅದು ಈಲಿಯನ್ನು ಕೆಡಿಸುತ್ತದೆ. ಸಾಕುಹಕ್ಕಿಗಳಲ್ಲಿ ಬಾತುಮರಿ ಇದಕ್ಕೆ ಬಲು ಬೇಗ ಬಲಿ. ಬಿಸಿಲಿಗೆ ಹಾಕಿದರೂ, ಬೇಯಿಸಿದರೂ ಈ ವಿಷವನ್ನು ನಂಬುವ ಹಾಗಿಲ್ಲ. "ದನಕ್ಕೆ ಬೇಡ, ಬಾತಿಗಾದರೂ ಆಗಲಿ" ಅಂತ ಹಾಕುವುದು ಕೈಯಾರೆ ವಿಷವಿಟ್ಟಂತೆ. ಮಳೆಗಾಲದಲ್ಲಿ ಹಿಂಡಿ, ತೌಡು, ಜೋಳವನ್ನು ನೆಲದ ತೇವ ತಾಗದಂತೆ ಹಲಗೆಯ ಮೇಲಿಡಿ.

ಬೇಸಿಗೆಯಲ್ಲಿ ಕೆರೆ ಬತ್ತಿ ಹೊಂಡದ ನೀರು ಕೊಳೆತಾಗ, ಸತ್ತ ಮೀನು, ಹಕ್ಕಿಗಳಲ್ಲಿ ಮತ್ತು ಅವುಗಳ ಮೇಲಿನ ಹುಳುಗಳಲ್ಲಿ ಇನ್ನೊಂದು ವಿಷ ಇರುತ್ತದೆ. ತಿಂದ ಬಾತಿನ ಕಾಲು, ರೆಕ್ಕೆ ಸೋತು, ಕತ್ತು ಹಗ್ಗದಂತೆ ಜೋಲುತ್ತದೆ. ಇಂಥದಕ್ಕೆ ಆಳದ ನೀರು ಇಡಬೇಡಿ, ತಲೆ ಎತ್ತಲಾಗದೆ ಮುಳುಗಿ ಸತ್ತೀತು. ತಲೆ ಎತ್ತರಕ್ಕಿಟ್ಟು ಒಳ್ಳೆಯ ನೀರನ್ನು ಸ್ವಲ್ಪಸ್ವಲ್ಪವೇ ಕುಡಿಸಿ, ವೈದ್ಯರನ್ನು ಕರೆಯಿರಿ. ಉಳಿದವನ್ನು ಆ ಹೊಂಡಕ್ಕೆ ಬಿಡಲೇಬೇಡಿ.

ಮನೆಮದ್ದಿಗೆ ಬಗ್ಗದ ರೋಗಗಳೂ ಇವೆ. ಬಾತುಪ್ಲೇಗಿನಲ್ಲಿ ವಿಪರೀತ ದಾಹ, ಅಂಟುವ ಕಣ್ಣು, ಬೆಳಕಿಗೆ ಹೆದರಿಕೆ, ರಕ್ತಬೇಧಿ ಕಂಡು ಸಾಲಾಗಿ ಸಾಯುತ್ತವೆ. ಇದಕ್ಕೆ ಔಷಧಿಯಿಲ್ಲ, ಲಸಿಕೆಯೊಂದೇ ದಾರಿ. ಎರಡು ಮೂರು ತಿಂಗಳ ವಯಸ್ಸಿಗೆ ಹಾಕಿಸಿ, ಮುಂದೆ ಪಶುವೈದ್ಯರು ಹೇಳಿದಂತೆ ಮತ್ತೆ ಹಾಕಿಸಿ. ಕಾಲರಾದಲ್ಲಿ ಜ್ವರ, ಬಾಯಲ್ಲಿ ಲೋಳೆ, ಹಠಾತ್ ಸಾವು. ಬೇಗ ತೋರಿಸಿದರೆ ಇದಕ್ಕೆ ಔಷಧಿಯುಂಟು. ಮನುಷ್ಯರ ಮಾತ್ರೆಯನ್ನು ಅಂದಾಜಿನಲ್ಲಿ ಕೊಡಬೇಡಿ. ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಮೊಟ್ಟೆ ತಿನ್ನಬಾರದೆಂದು ಕೇಳಿಕೊಳ್ಳಿ.

ಇನ್ನು ಹಕ್ಕಿಜ್ವರ. 2014ರಲ್ಲಿ ಕೇರಳದ ಆಲಪ್ಪುಳ, ಕೋಟ್ಟಯಂ ಕಡೆ ಇದು ಬಾತುಗಳಲ್ಲೇ ಕಾಣಿಸಿತು. ಕೆಲವು ಬಾತುಗಳು ರೋಗ ಹೊತ್ತೂ ಚೆನ್ನಾಗಿಯೇ ಕಾಣುತ್ತವೆ. ಕೋಳಿಗೂ ಮನುಷ್ಯರಿಗೂ ಅದು ಅಂಟಬಹುದು. ಒಂದೇ ಸಲ ಹಲವು ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ದೂರವಿಡಿ, ಹತ್ತಿರದ ಪಶು ಆಸ್ಪತ್ರೆಗೆ ಆಗಲೇ ತಿಳಿಸಿ.

"ಸಾಯೋ ಮುಂಚೆ ಕೊಯ್ದರೆ ಸಾರಿಗಾದರೂ ಆಗುತ್ತೆ, ಸಂತೆಗೆ ಹೊಡೆದರೆ ನಾಲ್ಕು ಕಾಸು ಬರುತ್ತೆ" ಅಂತ ಅನ್ನಿಸುವುದು ಸಹಜ. ಹಾಗೆ ಮಾರಿದ ಒಂದು ಬಾತು ಇನ್ನೊಬ್ಬರ ಗೂಡಿಗೆ ರೋಗ ಒಯ್ಯುತ್ತದೆ. ಸತ್ತದ್ದನ್ನು ಕಾಲುವೆಗೆ ಎಸೆದರೆ ಕೆಳಗಿನ ಊರಿಗೆ ಹೋಗುತ್ತದೆ. ವೈದ್ಯರು ನೋಡಿದ ಮೇಲೆ, ನೀರಿನ ಸೆಲೆಯಿಂದ ದೂರ, ನಾಯಿ ಕೆದಕದಷ್ಟು ಆಳಕ್ಕೆ ಸುಣ್ಣ ಹಾಕಿ ಹೂಳಿ.

ಹೊಸ ಬಾತು ತಂದರೆ ಮೂರು ನಾಲ್ಕು ವಾರ ಬೇರೆ ಇಟ್ಟು ಸೇರಿಸಿ. ಒಣ ಹಾಸು, ಆಳದ ಶುದ್ಧ ನೀರು, ಬೂಷ್ಟಿಲ್ಲದ ಮೇವು, ಕಾಲಕ್ಕೆ ಲಸಿಕೆ, ಈ ನಾಲ್ಕನ್ನು ಬಿಡದೆ ನಡೆಸಿದರೆ ಬಹುಪಾಲು ಜಾಡ್ಯ ನಿಮ್ಮ ಹಿತ್ತಿಲಿಗೆ ಬಾರದು.