ಗಿರಣಿಯೂರಿನ ಬಟ್ಟೆ

ಹಳಗನ್ನಡ ಕಾವ್ಯಗಳನ್ನು ಪಾಠ ಹೇಳುವಾಗ ವಿದ್ಯಾರ್ಥಿಗಳು ತಪ್ಪದೆ ಎಡವುವ ಶಬ್ದಗಳಲ್ಲಿ ‘ಬಟ್ಟೆ’ ಎಂಬುದೊಂದು. ಇಂದಿನ ಮಾತಿನಲ್ಲಿ ಅದು ಉಡುವ ಅರಿವೆ. ಪಂಪ ರನ್ನರ ಕಾಲದ ಕನ್ನಡದಲ್ಲಿ ಅದು ನಡೆಯುವ ದಾರಿ. ಈ ಎರಡು ಅರ್ಥಗಳಿಗೂ ತಮ್ಮೊಳಗೆ ಸಂಬಂಧವಿಲ್ಲವೆಂದೇ ಮೂವತ್ತು ವರ್ಷ ಪಾಠ ಹೇಳುತ್ತ ಬಂದೆನು. ಆದರೆ ಅಮೆರಿಕ ದೇಶದ ಒಂದು ನದೀಕಣಿವೆಯ ವೃತ್ತಾಂತವನ್ನು ಓದುತ್ತಿರುವಾಗ ಅರಿವೆಯೂ ದಾರಿಯೂ ಒಂದೇ ನೆಲದ ಮೇಲೆ ಕೂಡಿರುವುದು ಕಂಡುಬಂದಿತು. ನೂಲು ತೆಗೆದು ಅರಿವೆ ನೇಯ್ದು ಬಾಳಿದ ಊರುಗಳು, ನೇಯ್ಗೆ ನಿಂತುಹೋದ ಮೇಲೆ, ಅದೇ ನದಿಯ ದಂಡೆಯಲ್ಲಿ ಕಾಲುನಡೆಯವರಿಗೂ ಸೈಕಲ್ಲಿನವರಿಗೂ ಒಂದು ಹಾದಿಯನ್ನು ಮಾಡಿಕೊಳ್ಳುತ್ತಿವೆ. ಆ ನಾಡನ್ನು ನಾನು ಕಣ್ಣಾರೆ ಕಂಡವನಲ್ಲ. ಓದಿ ತಿಳಿದುದನ್ನು ವಾಚಕರ ಮುಂದಿಡುತ್ತಿದ್ದೇನೆ.

ಬ್ಲ್ಯಾಕ್‌ಸ್ಟೋನ್ ಎಂಬುದು ಆ ನದಿಯ ಹೆಸರು. ಮ್ಯಾಸಚೂಸೆಟ್ಸ್ ರಾಜ್ಯದ ವುಸ್ಟರ್ ನಗರದಲ್ಲಿ ಹುಟ್ಟಿ, ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯದ ಪಾಟಕೆಟ್ ಊರಿನಲ್ಲಿ ಉಬ್ಬರವಿಳಿತದ ನೀರನ್ನು ಸೇರುತ್ತದೆ. ಉದ್ದ ಸುಮಾರು 48 ಮೈಲಿ ಮಾತ್ರ. ನಮ್ಮ ಕೃಷ್ಣೆ ತುಂಗಭದ್ರೆಯರ ಎದುರಿಗೆ ಅದನ್ನು ಹಳ್ಳವೆಂದು ಕರೆದರೂ ಸಲ್ಲುವುದು. ಆದರೆ ಅಷ್ಟು ಕಿರಿದಾದ ದೂರದಲ್ಲಿ ಅದು ಸುಮಾರು 440 ಅಡಿ ಇಳಿಯುತ್ತದೆ. ಜೋಗದಲ್ಲಿ ಶರಾವತಿ ಒಂದೇ ನೆಗೆತಕ್ಕೆ ಧುಮುಕುವ ಎತ್ತರದ ಅರ್ಧಕ್ಕಿಂತ ತುಸು ಹೆಚ್ಚನ್ನು ಬ್ಲ್ಯಾಕ್‌ಸ್ಟೋನ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದೆಂದು ಭಾವಿಸಬಹುದು. ಪ್ರತಿಯೊಂದು ಮೆಟ್ಟಿಲಿಗೂ ಒಂದು ಒಡ್ಡು, ಒಡ್ಡಿನ ಪಕ್ಕದಲ್ಲಿ ಒಂದು ಜಲಚಕ್ರ, ಜಲಚಕ್ರದ ಮೇಲೆ ಒಂದು ಗಿರಣಿ. ಘಟಪ್ರಭೆಯ ಧುಮುಕಿನ ಬಲದಿಂದ ಗೋಕಾಕದಲ್ಲಿ ನೂಲಿನ ಗಿರಣಿ ನಡೆದುದನ್ನು ಬಲ್ಲ ನಮ್ಮವರಿಗೆ ಈ ಏರ್ಪಾಡನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇಲ್ಲಿಗೆ ನೂಲುವ ಯಂತ್ರವನ್ನು ತಂದವನು ಸ್ಯಾಮ್ಯುಯೆಲ್ ಸ್ಲೇಟರ್. 1768ರಲ್ಲಿ ಇಂಗ್ಲೆಂಡಿನ ಬೆಲ್ಪರ್ ಬಳಿ ಹುಟ್ಟಿ, ಅಲ್ಲಿಯ ಗಿರಣಿಯೊಂದರಲ್ಲಿ ಕೆಲಸ ಕಲಿತವನು. ಯಂತ್ರದ ನಕ್ಷೆಗಳನ್ನಾಗಲಿ ಅದನ್ನು ಬಲ್ಲ ಕುಶಲಕರ್ಮಿಗಳನ್ನಾಗಲಿ ಹೊರದೇಶಕ್ಕೆ ಬಿಡಬಾರದೆಂದು ಇಂಗ್ಲೆಂಡಿನಲ್ಲಿ ಕಾನೂನಿದ್ದಿತು. ಆತನು ನಕ್ಷೆಯನ್ನೆಲ್ಲ ತಲೆಯಲ್ಲಿಯೇ ಹೊತ್ತುಕೊಂಡು, ತನ್ನ ಕಸುಬನ್ನು ಮರೆಮಾಚಿ, 1789ರಲ್ಲಿ ಹಡಗು ಹತ್ತಿದನು. ಪಾಟಕೆಟ್ಟಿನಲ್ಲಿ ಮೋಸೆಸ್ ಬ್ರೌನ್ ಎಂಬ ವರ್ತಕನ ಹಣಬಲದಿಂದಲೂ ಅಲ್ಲಿಯ ಕಮ್ಮಾರರ ಕೈಚಳಕದಿಂದಲೂ 1790ರ ಡಿಸೆಂಬರಿನಲ್ಲಿ ಯಂತ್ರ ತಿರುಗಿತು. 1793ರಲ್ಲಿ ಕಟ್ಟಿದ ಮರದ ಗಿರಣಿ ಇಂದಿಗೂ ನಿಂತಿದೆ. ಸ್ಮರಣಶಕ್ತಿಯ ಈ ಸಾಹಸವನ್ನು ಕೇಳಿ, ಕಂಠಪಾಠದಿಂದಲೇ ವಿದ್ಯೆ ಕಲಿತ ನನ್ನಂಥವನಿಗೆ ಒಂದು ಬಗೆಯ ಹೆಮ್ಮೆಯಾದರೆ ಓದುಗರು ಮನ್ನಿಸಬೇಕು.

ಆದರೆ ಆ ಯಂತ್ರದ ಮುಂದೆ ಮೊದಲು ನಿಂತವರು ಯಾರು? ಏಳರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳು. ಒಂದು ಶಾಲೆಯ ಸಂಚಿಕೆಯಲ್ಲಿ ಈ ಸಂಗತಿಯನ್ನು ಬರೆಯುವಾಗ ಲೇಖನಿ ತಾನಾಗಿಯೇ ತಡೆಯುತ್ತದೆ. ನಮ್ಮ ಎರಡನೆಯ ತರಗತಿಯಿಂದ ಏಳನೆಯ ತರಗತಿಯವರೆಗಿನ ಹುಡುಗ ಹುಡುಗಿಯರನ್ನು ಸಾಲಾಗಿ ಕಣ್ಣಮುಂದೆ ತಂದುಕೊಂಡರೆ ಸಾಕು. ಮುಂದೆ ಇಡೀ ಕುಟುಂಬಗಳನ್ನೇ ಗಿರಣಿಗೆ ಸೇರಿಸಿಕೊಂಡು, ಮನೆಯನ್ನೂ ಅಂಗಡಿಯನ್ನೂ ಗಿರಣಿಯ ಒಡೆಯನೇ ಕಟ್ಟಿಕೊಡುವ ಪದ್ಧತಿ ಬಂದಿತು. 1824ರಲ್ಲಿ ಪಾಟಕೆಟ್ಟಿನ ಒಡೆಯರು ಕೆಲಸದ ಹೊತ್ತನ್ನು ಹೆಚ್ಚಿಸಿ ನೇಕಾರ ಹೆಂಗಸರ ಕೂಲಿಯನ್ನು ಕಾಲುಭಾಗದಷ್ಟು ಕಡಿಮೆ ಮಾಡಿದಾಗ ನೂರಕ್ಕೂ ಹೆಚ್ಚು ಮಂದಿ ಹೆಂಗಸರು ಮಗ್ಗ ಬಿಟ್ಟು ಹೊರಬಂದರು. ಆ ದೇಶದ ಕಾರ್ಖಾನೆಗಳ ಮೊದಲನೆಯ ಮುಷ್ಕರವೆಂದು ಅದನ್ನು ಎಣಿಸುತ್ತಾರೆ.

ಇನ್ನು ಆ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯ ಬಹುಪಾಲು ದಕ್ಷಿಣದ ರಾಜ್ಯಗಳಲ್ಲಿ ಗುಲಾಮರು ಬೆಳೆದುದು. ಅದೇ ಗುಲಾಮರಿಗೆ ತೊಡಿಸುವ ಒರಟು ಬಟ್ಟೆಯನ್ನೂ ರೋಡ್ ಐಲೆಂಡಿನ ಗಿರಣಿಗಳು ನೇಯ್ದು ಕಳುಹಿಸಿದವು. ನಮ್ಮ ದೇಶಕ್ಕೂ ಈ ಕಥೆಯಲ್ಲಿ ಒಂದು ಎಳೆಯುಂಟು. ಪ್ರಾವಿಡೆನ್ಸಿನ ಹಡಗುಗಳು ಭಾರತದ ಹತ್ತಿಬಟ್ಟೆಯನ್ನು ಕೊಂಡೊಯ್ಯುತ್ತಿದ್ದ ಕಾಲವೊಂದಿದ್ದಿತು. 1816ರ ಅಮೆರಿಕದ ಸುಂಕದ ಕಾನೂನು ಆ ಅಗ್ಗದ ಬಟ್ಟೆಗೆ ಬಾಗಿಲು ಮುಚ್ಚಿತು.

ಸರಕು ಸಾಗಿಸಲು 1828ರಲ್ಲಿ ವುಸ್ಟರಿನಿಂದ ಪ್ರಾವಿಡೆನ್ಸಿನವರೆಗೆ 45 ಮೈಲಿಗಳ ಕಾಲುವೆಯನ್ನು ತೆರೆದರು. ತೋಡಿದವರಲ್ಲಿ ಐರ್ಲೆಂಡಿನಿಂದ ಬಂದ ಕೂಲಿಗಳು ಬಹುಮಂದಿ. ದೋಣಿಗೆ ಹಗ್ಗ ಕಟ್ಟಿ, ದಂಡೆಯ ಮೇಲೆ ಕುದುರೆ ನಡೆದು ಎಳೆಯಬೇಕು. ಅದಕ್ಕಾಗಿ ಕಾಲುವೆಯ ಉದ್ದಕ್ಕೂ ಒಂದು ಕಿರುದಾರಿ. ರೈಲು 1847ರಲ್ಲಿ ಬಂದಿತು, ಮರುವರ್ಷವೇ ಕಾಲುವೆ ಮುಚ್ಚಿತು. ಇಪ್ಪತ್ತು ವರ್ಷದ ಆಯುಷ್ಯ! ಹಣ ಹಾಕಿದವರಿಗೆ ನಷ್ಟವೇ ಆಯಿತಾದರೂ ಕುದುರೆ ತುಳಿದ ಆ ಕಿರುದಾರಿ ಮಾತ್ರ ಗಿಡಗಂಟಿಗಳ ಅಡಿಯಲ್ಲಿ ಉಳಿದುಕೊಂಡಿತು. ನೂರೈವತ್ತು ವರ್ಷಗಳ ಅನಂತರ ಅದೇ ಉಪಯೋಗಕ್ಕೆ ಬಂದಿತೆಂಬುದನ್ನು ಮುಂದೆ ಹೇಳುವೆನು.

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿಯೇ ಗಿರಣಿಗಳು ಕೂಲಿ ಅಗ್ಗವಾದ ದಕ್ಷಿಣಕ್ಕೆ ಹೊರಟವು. ಒಡೆಯರು ಹೋದರು, ಕೆಲಸದವರು ಉಳಿದರು. ಜತೆಗೆ ನದಿಯೂ ಉಳಿಯಿತು. ಎಂಥ ನದಿ! ಅಂದು ಗಿರಣಿಯಲ್ಲಿ ಯಾವ ಬಣ್ಣವನ್ನು ಅದ್ದಿದರೋ ಅಂದು ನೀರಿಗೂ ಅದೇ ಬಣ್ಣವೆಂದು ಹಿರಿಯರು ಹೇಳುತ್ತಿದ್ದರು. ಗಿರಣಿಗಳು ನದಿಗೆ ಬೆನ್ನುಹಾಕಿಯೇ ಕಟ್ಟಲ್ಪಟ್ಟಿದ್ದುದರಿಂದ ಊರವರೂ ನದಿಯನ್ನು ಹಿತ್ತಿಲ ಕೊಚ್ಚೆಯಂತೆ ಕಾಣುವುದನ್ನು ಕಲಿತರು. ಹಳೆಯ ಮೋಟಾರು, ಟೈರು, ಕೆಟ್ಟ ಶೀತಪೆಟ್ಟಿಗೆ ಎಲ್ಲವೂ ಅದರ ಹೊಟ್ಟೆಗೆ.

1972ನೆಯ ಸೆಪ್ಟೆಂಬರ್ 9ನೆಯ ದಿನ ರೋಡ್ ಐಲೆಂಡಿನ ಜನ ಈ ಕೊಚ್ಚೆಗೆ ಇಳಿದರು. ಒಂದೇ ದಿನದಲ್ಲಿ ಸುಮಾರು 10,000 ಮಂದಿ ಸುಮಾರು 10,000 ಟನ್ ಕಸವನ್ನು ಹೊರಗೆಳೆದರೆಂಬುದು ಅಲ್ಲಿಯವರು ಇಂದಿಗೂ ಹೇಳುವ ಲೆಕ್ಕ. ತಲೆಗೊಂದು ಟನ್ ಎಂದಾಯಿತು! ಇದರಲ್ಲಿ ದೊಡ್ಡ ಯಂತ್ರಗಳ ಪಾಲೂ ಇದ್ದಿತೆನ್ನಿ. ಶ್ರಮದಾನವೆಂಬ ಮಾತು ನಮ್ಮಲ್ಲಿ ಭಾಷಣದ ಅಲಂಕಾರವಾಗಿ ಸವೆದುಹೋಗಿದೆ. ಅಲ್ಲಿ ಆ ದಿನ ಅದಕ್ಕೆ ತೂಕವಿದ್ದಿತು. ಮರುತಿಂಗಳು ಅಮೆರಿಕದ ಶಾಸನಸಭೆ ನೀರಿನ ಶುದ್ಧತೆಯ ಕಾನೂನನ್ನು ಅಧ್ಯಕ್ಷರ ನಿರಾಕರಣೆಯನ್ನೂ ಮೀರಿ ಅಂಗೀಕರಿಸಿತು. ಕಾನೂನು ಕಾರ್ಖಾನೆಯ ಕೊಳವೆಯನ್ನು ಹಿಡಿಯಬಲ್ಲುದು, ಹೊಳೆಯೊಳಗಿನ ಟೈರನ್ನು ಎತ್ತಲಾರದು.

ಕಸವನ್ನು ಎತ್ತಿದ ಮೇಲೆ ದಂಡೆ ಕಂಡಿತು. ದಂಡೆ ಕಂಡ ಮೇಲೆ ಅದರ ಮೇಲೆ ನಡೆಯಬಾರದೇಕೆ ಎಂಬ ಪ್ರಶ್ನೆಗೆ ಬಲ ಬಂದಿತು. 1986ರಲ್ಲಿ ಈ ಕಣಿವೆಯನ್ನು ರಾಷ್ಟ್ರೀಯ ಪರಂಪರೆಯ ಪ್ರದೇಶವೆಂದು ಘೋಷಿಸಿದರು. ವುಸ್ಟರಿನಿಂದ ಪ್ರಾವಿಡೆನ್ಸಿನವರೆಗೆ ಸುಮಾರು 48 ಮೈಲಿ ಸೈಕಲ್ ಹಾದಿಯನ್ನು ಮಾಡುವ ಸಂಕಲ್ಪವಾಯಿತು.

ಇಂಥ ಹಾದಿಯನ್ನು ಮಾಡುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ಸ್ವಯಂಸೇವಕರೆಂದರೆ ಗುದ್ದಲಿ ಹಿಡಿದವರೆಂಬ ಎಣಿಕೆ ಅರ್ಧಸತ್ಯ. ಸೇತುವೆ ಕಟ್ಟುವುದು, ಡಾಂಬರು ಹಾಕುವುದು ಸರ್ಕಾರದ ಹಣದಿಂದಲೇ ಆಗಬೇಕಾದ ಕಾರ್ಯ. ಅದಕ್ಕೆ ಮೊದಲಿನದೂ ಅದರ ಅನಂತರದ್ದೂ ಊರವರ ಪಾಲಿಗೆ ಬರುತ್ತದೆ. ಮೊದಲು, ನೆಲ ಯಾರದೆಂದು ತಿಳಿಯಬೇಕು. ಕಾಲುವೆಯ ದಂಡೆ, ಪಾಳುಬಿದ್ದ ಗಿರಣಿಯ ಅಂಗಳ, ರೈಲಿನವರ ಪಟ್ಟಿ, ಖಾಸಗಿ ಹಿತ್ತಿಲು ಎಲ್ಲವೂ ಒಂದರ ಪಕ್ಕಕ್ಕೊಂದು. ಒಬ್ಬ ಒಡೆಯ ಒಲ್ಲೆನೆಂದರೆ ಹಾದಿ ಅಲ್ಲಿಗೆ ತುಂಡು. ಅವನ ಮನೆಗೆ ಹೋಗಿ ಕುಳಿತು ಒಪ್ಪಿಸುವುದು, ಪೌರಸಭೆಯ ಕೂಟಗಳಿಗೆ ವರ್ಷಗಟ್ಟಲೆ ಹಾಜರಾಗುವುದು ಸಂಬಳವಿಲ್ಲದವರ ಕೆಲಸ. ಮತ್ತೊಂದು ತೊಡಕೆಂದರೆ, ಹಳೆಯ ಒಡ್ಡುಗಳ ಹಿಂದೆ ಮಡುಗಟ್ಟಿದ ಕೆಸರಿನಲ್ಲಿ ಗಿರಣಿಗಳು ಬಿಟ್ಟುಹೋದ ಭಾರಲೋಹಗಳಿವೆ, ಎಲ್ಲೆಂದರಲ್ಲಿ ಅಗೆಯುವಂತಿಲ್ಲ. ಹಾದಿಯಾದ ಮೇಲೆಯೋ, ಬಳ್ಳಿ ಕಡಿಯಬೇಕು, ಬಿದ್ದ ಮರ ಸರಿಸಬೇಕು, ಕಸ ಹೆಕ್ಕಬೇಕು, ದಾರಿ ತಪ್ಪಿದವರಿಗೂ ಸೈಕಲ್ಲು ಕೆಟ್ಟವರಿಗೂ ನೆರವಾಗಬೇಕು, ಬಂದ ಮಕ್ಕಳಿಗೆ ಕಾಲುವೆಯ ಕಥೆಯನ್ನು ಹೇಳಬೇಕು. ಇವುಗಳಿಗೆ ಉದ್ಘಾಟನೆಯಿಲ್ಲ. ಕಟ್ಟಡಕ್ಕೆ ಕಲ್ಲು ಕೊಟ್ಟವರ ಹೆಸರನ್ನು ಗೋಡೆಯ ಮೇಲೆ ಕೆತ್ತಿಸುತ್ತೇವೆ, ಅದು ಉಚಿತವೇ. ಅಂಗಳ ಗುಡಿಸಿದವರ ಹೆಸರನ್ನು ಎಲ್ಲಿ ಕೆತ್ತಿಸಬೇಕೆಂಬುದು ನಮ್ಮ ಸಂಸ್ಥೆಗಳಿಗೂ ಹೊಳೆದಿಲ್ಲ.

ಸಿದ್ಧವಾದ ಭಾಗಗಳಲ್ಲಿ ರೋಡ್ ಐಲೆಂಡಿನದು ದೊಡ್ಡದು. ಲಾನ್ಸ್‌ಡೇಲಿನಿಂದ ಆಷ್ಟನ್ ಕಡೆಗೆ ಹೋಗುವವನು ಒಂದು ಕೈಗೆ ನದಿ, ಇನ್ನೊಂದು ಕೈಗೆ ಹಳೆಯ ಕಾಲುವೆ, ನಡುವೆ ತಾನು ಎಂಬಂತೆ ಸಾಗುತ್ತಾನೆ. ಕಾಲಡಿಯಲ್ಲಿರುವುದು ಆ ಕುದುರೆದಾರಿಯೇ. ಲಾನ್ಸ್‌ಡೇಲಿನಲ್ಲಿ ಒಂದು ಕಾಲದಲ್ಲಿ ಜನ ಮೋಟಾರಿನಲ್ಲಿಯೇ ಕುಳಿತು ಚಲನಚಿತ್ರ ನೋಡುತ್ತಿದ್ದ ವಿಶಾಲವಾದ ಡಾಂಬರು ಬಯಲಿದ್ದಿತು; ಆ ಡಾಂಬರನ್ನು ಕಿತ್ತು ನೆಲವನ್ನು ಮರಳಿ ಜವುಗಾಗಿಸಿದ್ದಾರೆ, ಈಗ ಅಲ್ಲಿ ನೀರುಹಕ್ಕಿಗಳು. ಆಷ್ಟನ್ ಬಳಿ, ಹಿಂದೆ ಹಡಗಿನ ಕಪ್ತಾನನಾಗಿದ್ದು ಗಿರಣಿಯ ಒಡೆಯನಾದ ವಿಲ್ಬರ್ ಕೆಲ್ಲಿಯ ಹೆಸರಿನ ಮನೆ, ಕಾಲುವೆ ರೈಲುಗಳ ಕಥೆ ಹೇಳುವ ಸಂಗ್ರಹಾಲಯವಾಗಿದೆ. ಉತ್ತರದ ಮ್ಯಾಸಚೂಸೆಟ್ಸಿನಲ್ಲಿ ಅಕ್ಸ್‌ಬ್ರಿಜ್, ಮಿಲ್‌ವಿಲ್, ಬ್ಲ್ಯಾಕ್‌ಸ್ಟೋನ್ ಊರುಗಳ ನಡುವೆ ಹಳಿ ಕಿತ್ತ ರೈಲುಹಾದಿಯ ಮೇಲೆ ಇನ್ನೊಂದು ತುಂಡು.

ತುಂಡು ಎಂದೆ, ಅದೇ ನಿಜ. 1986ರಿಂದ ಇಷ್ಟು ವರ್ಷ ಕಳೆದರೂ 48 ಮೈಲಿ ಒಂದಾಗಿಲ್ಲ. ಹಾದಿ ಮುಗಿದಲ್ಲಿ ಸೈಕಲ್ಲಿನವನು ಮೋಟಾರುಗಳ ರಸ್ತೆಗೆ ಇಳಿದು, ಜೀವ ಕೈಯಲ್ಲಿ ಹಿಡಿದು, ಮುಂದಿನ ತುಂಡನ್ನು ಹುಡುಕಬೇಕು. 2014ರಲ್ಲಿ ಕಣಿವೆಯ ಹಲವು ಸ್ಥಳಗಳು ರಾಷ್ಟ್ರೀಯ ಐತಿಹಾಸಿಕ ಉದ್ಯಾನವೆನಿಸಿದವು. ಸ್ಲೇಟರನ ಗಿರಣಿಯನ್ನು 1921ರಿಂದ ಕಾಪಾಡುತ್ತ ಬಂದುದು ಊರಿನವರ ಒಂದು ಸಂಘ. ಅದು ರಾಷ್ಟ್ರದ ಕೈಗೆ ಸೇರಿದುದು ಸರಿಯಾಗಿ ನೂರು ವರ್ಷಗಳ ಮೇಲೆ, 2021ರಲ್ಲಿ.

ನನ್ನ ಮನಸ್ಸನ್ನು ಕಾಡುವ ಸಂಗತಿ ಮಾತ್ರ ಬೇರೊಂದು. ಹಸಿರು ದಂಡೆ, ಕೆಂಪು ಇಟ್ಟಿಗೆಯ ಗಿರಣಿ, ಕಿಟಕಿಯಲ್ಲಿ ಹೂಕುಂಡ! ಹಳೆಯ ಗಿರಣಿಗಳಲ್ಲಿ ಕೆಲವು ಈಗ ವಾಸದ ಮನೆಗಳಾಗಿವೆ. ಹೀಗೆ ಚೆಲುವಾದ ದಾರಿಯಲ್ಲಿ ತಂಪುಗಾಳಿ ಕುಡಿಯುತ್ತ ಹೋಗುವವನಿಗೆ, ಏಳು ವರ್ಷದ ಕೂಸು ಕದಿರಿನ ಮುಂದೆ ನಿಂತುದು ನೆನಪಾಗುವುದೆಂತು? ಹಾದಿಯನ್ನು ಹಾಕುವವನು ನೆನಪನ್ನೂ ಹಾಸಬಲ್ಲ, ಅಳಿಸಲೂ ಬಲ್ಲ. ವೂನ್‌ಸಾಕೆಟ್ ಊರಿನಲ್ಲಿ ಕೆನಡಾದಿಂದ ಬಂದ ಫ್ರೆಂಚ್ ಮಾತಿನ ಗಿರಣಿ ಕೆಲಸಗಾರರ ಬಾಳನ್ನು ತೋರಿಸುವುದಕ್ಕಾಗಿಯೇ ಒಂದು ಸಂಗ್ರಹಾಲಯವಿದೆಯೆಂದು ಓದಿದಾಗ ಸಮಾಧಾನವಾಯಿತು. ಇಂಥ ಕಣಿವೆಯಲ್ಲಿ ದಾರಿ ತೋರಿಸಿ ಕಥೆ ಹೇಳುವವರಲ್ಲಿ ಅದೇ ಗಿರಣಿಗಳಲ್ಲಿ ದುಡಿದವರ ಮೊಮ್ಮಕ್ಕಳು ಇದ್ದರೆ ಆ ಕಥೆಗೆ ಬೇರೆಯೇ ಬೆಲೆ.

ನದಿಯೂ ಪೂರ್ತಿ ಗುಣವಾಗಿಲ್ಲ. ನೀರು ಬಹಳಮಟ್ಟಿಗೆ ತಿಳಿಯಾಗಿದ್ದರೂ ಕೆಸರಿನ ವಿಷ ಹಾಗೆಯೇ ಇದೆ. ಸಮುದ್ರದಿಂದ ಮೇಲೇರುವ ಮೀನುಗಳಿಗೆ ಒಡ್ಡುಗಳು ಇನ್ನೂ ಅಡ್ಡ. 1972ರ ಆ ದಿನಕ್ಕೆ ಐವತ್ತು ವರ್ಷ ತುಂಬಿದ 2022ರಲ್ಲಿ ಕಣಿವೆಯ ಜನ ಮತ್ತೆ ಕೈಗವಸು ತೊಟ್ಟು ದಂಡೆಗೆ ಇಳಿದರು. ಹೆಕ್ಕಲು ಕಸ ಇನ್ನೂ ಇದ್ದಿತು.