ನೀರಿರುವುದು ಕಲ್ಲಿನಲ್ಲಲ್ಲ, ಬಿರುಕಿನಲ್ಲಿ!

ಒಬ್ಬರ ತೋಟದ ಬೋರ್‌ವೆಲ್‌ನಲ್ಲಿ ಎರಡಿಂಚು ನೀರು. ಪಕ್ಕದ ತೋಟದಲ್ಲಿ ಸಾಲ ಮಾಡಿ ಕೊರೆಸಿದರೆ ಬರೀ ಧೂಳು. ಹೀಗೇಕೆ ಮಕ್ಕಳೇ?

ಹಳ್ಳಿಮೈಸೂರು, ಹೊಳೆನರಸೀಪುರ, ಅರಕಲಗೂಡಿನ ಕಡೆ ಮಣ್ಣಿನ ಅಡಿಯಲ್ಲಿರುವುದು ಗಟ್ಟಿ ಬಂಡೆ. ಹೊಳೆನರಸೀಪುರದ ಸುತ್ತಲಿನ ಕೆಲವು ಶಿಲೆಗಳಿಗೆ 300 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು! ಇಂಥ ಕಲ್ಲು ನೀರು ಹೀರುವುದಿಲ್ಲ. ಆದರೆ ಭೂಮಿಯ ಒತ್ತಡಕ್ಕೆ ಸಿಕ್ಕಿ ಅಲ್ಲಲ್ಲಿ ಬಿರಿದಿದೆ. ಮಣ್ಣಿನಲ್ಲಿ ಇಂಗಿದ ಮಳೆನೀರು ಆ ಬಿರುಕುಗಳಿಗೆ ಇಳಿದು ನಿಲ್ಲುತ್ತದೆ. ಕೊಳವೆ ಬಿರುಕಿಗೆ ತಗುಲಿದರೆ ನೀರು. ಹತ್ತು ಹೆಜ್ಜೆ ಆಚೀಚೆಯಾದರೆ ಧೂಳು.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳವನ್ನು ನೆನಪಿಸಿಕೊಳ್ಳಿ. ಸುಮಾರು 57 ಅಡಿ ಎತ್ತರದ ಗೊಮ್ಮಟನನ್ನು ಕಡೆಯಲು ಶಿಲ್ಪಿಗೆ ಬಿರುಕಿಲ್ಲದ ಬಂಡೆ ಬೇಕಿತ್ತು. ನೀರು ಹುಡುಕುವವರಿಗೆ ಬಿರುಕುಬಿಟ್ಟ ಬಂಡೆಯೇ ಬೇಕು!

ಅದನ್ನು ಪತ್ತೆಹಚ್ಚುವುದು ಹೇಗೆ? ಭೂವಿಜ್ಞಾನಿಗಳು ಹೊರಗೆ ಕಾಣುವ ಬಂಡೆಯ ಬಿರುಕು ಯಾವ ದಿಕ್ಕಿಗೆ ಓಡಿದೆ, ಎಷ್ಟು ವಾಲಿದೆ ಎಂದು ದಿಕ್ಸೂಚಿ ಹಿಡಿದು ಅಳೆಯುತ್ತಾರೆ. ಉಪಗ್ರಹ ಚಿತ್ರದಲ್ಲಿ ಗೆರೆ ಎಳೆದಂತೆ ನೇರವಾಗಿ ಹರಿಯುವ ಹಳ್ಳ, ಬೇಸಿಗೆಯಲ್ಲೂ ಹಸಿರಾಗಿರುವ ಮರಗಳ ಸಾಲು ಕಂಡರೆ ಅಡಿಯಲ್ಲಿ ಬಿರುಕಿರಬಹುದು. ಅಂಥ ಎರಡು ಗೆರೆ ಕೂಡುವ ಜಾಗ ಇನ್ನೂ ಒಳ್ಳೆಯದು. ಆಮೇಲೆ ನೆಲಕ್ಕೆ ವಿದ್ಯುತ್ ಹಾಯಿಸಿ ನೋಡುತ್ತಾರೆ. ನೀರು ತುಂಬಿದ ಬಿರುಕಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ.

ಕೆಲವೆಡೆ ಹಳೆಯ ಬಂಡೆಯನ್ನು ಸೀಳಿಕೊಂಡು ಮೇಲೆದ್ದ ಕರಿಕಲ್ಲಿನ ಗೋಡೆಗಳಿವೆ. ಬಿರುಕಿಲ್ಲದ ಗೋಡೆಯಾದರೆ ಅದು ನೆಲದೊಳಗಿನ ಬದುವಿನಂತೆ ನೀರನ್ನು ತಡೆಯುತ್ತದೆ. ಒಂದು ಮಗ್ಗುಲಲ್ಲಿ ನೀರು, ಇನ್ನೊಂದು ಮಗ್ಗುಲು ಒಣ!

‘ಇನ್ನೂ ನೂರಡಿ ಹೋಗಲಿ, ಸಿಕ್ಕೇ ಸಿಗುತ್ತದೆ’ ಎನ್ನುವವರುಂಟು. ಆದರೆ ಆಳಕ್ಕೆ ಹೋದಂತೆ ಮೇಲಿನ ಭಾರಕ್ಕೆ ಬಿರುಕುಗಳು ಸಾಮಾನ್ಯವಾಗಿ ಬಿಗಿಯುತ್ತವೆ, ವಿರಳವಾಗುತ್ತವೆ. ಅಡಿ ಹೆಚ್ಚಿದಂತೆ ಖರ್ಚು ಹೆಚ್ಚುವುದು ಖಂಡಿತ, ನೀರು ಹೆಚ್ಚುವುದು ಖಂಡಿತವಲ್ಲ.

ಬಿರುಕಿಗೆ ಬೇಲಿಯ ಲೆಕ್ಕವಿಲ್ಲ. ನಾಲ್ಕು ತೋಟಗಳ ಬೋರ್‌ವೆಲ್‌ಗಳು ಒಂದೇ ಬಿರುಕಿನಿಂದ ನೀರೆತ್ತುತ್ತಿರಬಹುದು. ಅದು ಮತ್ತೆ ತುಂಬಬೇಕಾದರೆ ಕೆರೆಯ ಹೂಳು ತೆಗೆಯಬೇಕು, ಬದು ಕಟ್ಟಬೇಕು, ಮಳೆನೀರು ಇಂಗಬೇಕು.

ಅಜ್ಜ ಅಜ್ಜಿಯರೇ, ನಿಮ್ಮ ಊರಿನ ಹಳೆಯ ಬಾವಿಯಲ್ಲಿ ಜಲ ಯಾವ ಮಗ್ಗುಲಿಂದ ಒಸರುತ್ತಿತ್ತು? ಮೊಮ್ಮಕ್ಕಳಿಗೆ ಹೇಳಿ. ಮಕ್ಕಳೇ, ಕೇಳಿ ಬರೆದಿಟ್ಟುಕೊಳ್ಳಿ. ನಾಲ್ಕಾರು ಬಾವಿಗಳ ಗುರುತು ಸೇರಿದರೆ ನಿಮ್ಮೂರಿನ ಬಿರುಕಿನ ದಾರಿ ನಿಮ್ಮ ನೋಟ್‌ಬುಕ್‌ನಲ್ಲೇ ಕಾಣಬಹುದು.