ಮುರಕಲ್ಲಿಗೆ ಹೆಸರಿಟ್ಟ ವೈದ್ಯ

ನಮ್ಮ ಉಡುಪಿಯ ಕಡೆ ಕಲ್ಲನ್ನು ನೋಡಲೆಂದೇ ಜನ ಬರುತ್ತಾರೆ. ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠಾಪಿತನಾದ ಗೊಮ್ಮಟನಿದ್ದಾನೆ. ಕಾಪುವಿನಲ್ಲಿ 1901ರ ದೀಪಸ್ತಂಭವನ್ನು ಹೊತ್ತ ಕಡಲಬಂಡೆಯಿದೆ. ಆದರೆ ಮಣಿಪಾಲದ ಗುಡ್ಡವನ್ನು ಏರುವವರು ದರೆಯಲ್ಲಿ ಕೆಂಪಗೆ ಕಾಣುವ, ತೂತುತೂತಾದ ಕಲ್ಲಿನತ್ತ ತಿರುಗಿಯೂ ನೋಡುವುದಿಲ್ಲ. ನಮ್ಮ ಹಳೆಯ ಮನೆಗಳ ಗೋಡೆ, ಬಾವಿಯ ಕಟ್ಟೆ, ತೋಟದ ಪಾಗಾರ ಎಲ್ಲವೂ ಆ ಕಲ್ಲಿನವೇ. ಊರಿನವರಿಗೆ ಅದು ಮುರಕಲ್ಲು, ಪಠ್ಯಪುಸ್ತಕಕ್ಕೆ ಜಂಬಿಟ್ಟಿಗೆ, ಜಗತ್ತಿನ ಭೂವಿಜ್ಞಾನಿಗಳಿಗೆ ಲ್ಯಾಟರೈಟ್. ಈ ಮೂರನೆಯ ಹೆಸರನ್ನು ಇಟ್ಟವನು ಫ್ರಾನ್ಸಿಸ್ ಬುಕಾನನ್.

ಬುಕಾನನ್ 1762ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ವೈದ್ಯ ಪದವಿ ಪಡೆದವನು. ಕೆಲಕಾಲ ಹಡಗುಗಳಲ್ಲಿ ವೈದ್ಯನಾಗಿದ್ದು, 1794ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಬಂಗಾಳದ ವೈದ್ಯಕೀಯ ಸೇವೆಗೆ ಸೇರಿದನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ ಮೇಲೆ, ಗೆದ್ದ ನಾಡಿನಲ್ಲಿ ಏನೇನಿದೆಯೆಂದು ತಿಳಿಯುವ ಅಗತ್ಯ ಕಂಪೆನಿಗೆ ಬಂದಿತು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಬುಕಾನನ್ 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟನು. ಮೈಸೂರು, ಮಲಬಾರುಗಳನ್ನು ಸುತ್ತಿ, 1801ರ ಆರಂಭದಲ್ಲಿ ಕಾರ್ಕಳ, ಉಡುಪಿಗಳ ಮೂಲಕ ಕನ್ನಡ ಜಿಲ್ಲೆಯನ್ನು ಹಾದುಹೋದನು. ಅವನ ಕೈಯಲ್ಲಿದ್ದದ್ದು ಗೆದ್ದವರ ಲೆಕ್ಕದ ಪುಸ್ತಕವೆಂಬುದನ್ನು ನಾವು ಮರೆಯಬಾರದು. ಆದರೆ ಅದನ್ನು ಬರೆದವನು ಕಣ್ಣು ಕಿವಿಗಳನ್ನು ತೆರೆದಿಟ್ಟುಕೊಂಡಿದ್ದನೆಂಬುದೂ ಅಷ್ಟೇ ನಿಜ.

ಮಲಬಾರಿನ ಅಂಗಡಿಪುರದಲ್ಲಿ ಅವನು ಕಂಡದ್ದು ಒಂದು ವಿಚಿತ್ರ. ನೆಲದೊಳಗೆ ಈ ಕಲ್ಲು ಕಬ್ಬಿಣದ ಹತ್ಯಾರಿಗೆ ಸುಲಭವಾಗಿ ಮಣಿಯುತ್ತದೆ. ಕಡಿದು ಗಾಳಿಗೆ ಇಟ್ಟರೆ ಬೇಗನೆ ಗಟ್ಟಿಯಾಗುತ್ತದೆ. ಅಲ್ಲಿಯ ಜನ ಅದನ್ನು ಇಟ್ಟಿಗೆ ಕಲ್ಲು ಎಂಬರ್ಥದ ಮಾತಿನಿಂದಲೇ ಕರೆಯುತ್ತಿದ್ದರು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ‘ಲೇಟರ್’ ಎಂದು ಹೆಸರು. ಅದರಿಂದ ಅವನು ‘ಲ್ಯಾಟರೈಟ್’ ಎಂಬ ಶಬ್ದವನ್ನು ರೂಪಿಸಿದನು. 1807ರಲ್ಲಿ ಲಂಡನ್ನಿನಲ್ಲಿ ಅವನ ಪ್ರವಾಸ ಗ್ರಂಥ ಮೂರು ಸಂಪುಟಗಳಲ್ಲಿ ಅಚ್ಚಾದಾಗ ಆ ಶಬ್ದ ವಿಜ್ಞಾನದ ನಿಘಂಟನ್ನು ಸೇರಿತು. ಇಂದು ಆಫ್ರಿಕ, ಬ್ರೆಜಿಲ್, ಆಸ್ಟ್ರೇಲಿಯಗಳ ಕೆಂಪು ನೆಲಕ್ಕೂ ಅದೇ ಹೆಸರು.

ಕಲ್ಲು ಗಟ್ಟಿಯಾಗುವುದೇಕೆ? ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಕರಾವಳಿಯಂಥ ಕಡೆ, ನೀರು ದೀರ್ಘಕಾಲ ಇಳಿದಿಳಿದು ಮೂಲಶಿಲೆಯ ಸುಣ್ಣ, ಪೊಟ್ಯಾಷ್, ಸಿಲಿಕಗಳನ್ನು ತೊಳೆದೊಯ್ಯುತ್ತದೆ. ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಆಕ್ಸೈಡುಗಳು ಉಳಿಯುತ್ತವೆ. ತೇವ ಆರಿದಂತೆ ಕಬ್ಬಿಣದ ಅಂಶ ಹರಳುಗಟ್ಟಿ ಕಣಗಳನ್ನು ಬಿಗಿಯಾಗಿ ಬೆಸೆಯುತ್ತದೆ. ಈ ಕಾರಣವನ್ನು ವಿಜ್ಞಾನ ಬಿಡಿಸಿ ಹೇಳಿದ್ದು ತರುವಾಯದ ಕಾಲದಲ್ಲಿ. ಕಾರ್ಯವನ್ನು ಕಲ್ಲುಕುಟಿಗರು ಮೊದಲೇ ಬಲ್ಲರು.

ಭಾಷೆಯನ್ನು ಪಾಠ ಹೇಳಿ ಬದುಕಿದ ನನಗೆ ಇಲ್ಲಿಯೇ ಈ ಕಥೆಯ ಹುರುಳು ಕಾಣುತ್ತದೆ. ನಮ್ಮ ‘ಜಂಬಿಟ್ಟಿಗೆ’ಯಲ್ಲಿಯೂ ಅಡಗಿರುವುದು ಇಟ್ಟಿಗೆಯೇ. ಬುಕಾನನ್ ಹೊಸ ಅರ್ಥವನ್ನೇನೂ ಸೃಷ್ಟಿಸಲಿಲ್ಲ. ಕಲ್ಲು ಕಡಿಯುವವರ ಅರ್ಥಕ್ಕೆ ಲ್ಯಾಟಿನ್ನಿನ ಉಡುಪು ತೊಡಿಸಿದನು. ಕೀರ್ತಿ ಅವನಿಗೆ ಸಂದಿತು, ಮಾತು ಕೊಟ್ಟವರು ಹೆಸರಿಲ್ಲದೆ ಉಳಿದರು. ಆದರೂ ದುಡಿಯುವವರ ಮಾತಿನಲ್ಲಿ ಜ್ಞಾನವಿದೆಯೆಂದು ಅದನ್ನು ಬರೆದಿಟ್ಟನಲ್ಲ, ಅದು ಅವನ ದೊಡ್ಡತನ.

ಮುಂದೆ ಅವನು ನೇಪಾಳಕ್ಕೆ ಹೋದನು. 1807ರಿಂದ ಏಳು ವರ್ಷ ಬಂಗಾಳವನ್ನು ಅಳೆದನು. ಕಲ್ಕತ್ತೆಯ ಸಸ್ಯೋದ್ಯಾನವನ್ನು ನೋಡಿಕೊಂಡನು. ಸ್ವದೇಶಕ್ಕೆ ಮರಳಿದ ಮೇಲೆ, ತಾಯಿಯ ಕಡೆಯ ಹ್ಯಾಮಿಲ್ಟನ್ ಎಂಬ ಹೆಸರನ್ನು ತಳೆದು, 1822ರಲ್ಲಿ ಗಂಗೆಯ ಮೀನುಗಳ ಗ್ರಂಥವನ್ನು ಪ್ರಕಟಿಸಿ, 1829ರಲ್ಲಿ ತೀರಿಕೊಂಡನು. 1979ರಲ್ಲಿ ಅಂಗಡಿಪುರದಲ್ಲಿ ಅವನ ನೆನಪಿಗೆ ಕಲ್ಲು ನಿಂತಿತು.

ನಮ್ಮಲ್ಲಿ ಈಗ ಕಾಂಕ್ರೀಟಿನ ಗೋಡೆಗಳು ಏಳುತ್ತಿವೆ. ಕೋರೆಗಳಲ್ಲಿ ಯಂತ್ರದ ಗರಗಸ ಕಲ್ಲನ್ನು ಕೊಯ್ಯುತ್ತಿದೆ. ಯಾವ ಪದರ ಗೋಡೆಗೆ ಯೋಗ್ಯ, ಯಾವುದು ಮಳೆಗೆ ಕರಗೀತು ಎಂದು ಕೈಯಿಂದಲೇ ತಿಳಿಯುತ್ತಿದ್ದವರು ಮುದುಕರಾಗಿದ್ದಾರೆ. ಅವರ ಮಾತುಗಳನ್ನು ಬರೆದುಕೊಳ್ಳಲು ಇನ್ನೊಬ್ಬ ಬುಕಾನನ್ ಹಡಗೇರಿ ಬರಬೇಕಾಗಿಲ್ಲ. ಅವರ ಭಾಷೆ ಬಲ್ಲ ನಾವೇ ಇದ್ದೇವೆ.